ಬಾಯಲ್ಲೇ ‘ಹೂಂ’ ಅನ್ನಿ ಅಜ್ಜ

ಎಂಆರ್‌ಐ ರೂಮಿನಲ್ಲಿ ‘ಅಲ್ಲಾಡಬೇಡಿ’ ಅಂತ ಹೇಳಿದ ಕೂಡಲೇ ಮೂಗು ತುರಿಸೋಕೆ ಶುರುವಾಗುತ್ತದೆ. ಅದಕ್ಕೇ ನಾನು ಆ ಮಾತನ್ನೇ ಕಡಿಮೆ ಮಾಡಿದ್ದೇನೆ. ‘ಇದು ಮೂರು ನಿಮಿಷ, ಜೋರು ಸದ್ದು ಬರುತ್ತೆ’ ಅಂತ ಪ್ರತಿ ಸಲ ಮೈಕಿನಲ್ಲಿ ಮೊದಲೇ ಹೇಳಿದರೆ ಎಷ್ಟೋ ಜನ ತಡೆದುಕೊಳ್ಳುತ್ತಾರೆ. ಮಧ್ಯೆ ‘ಆರಾಮಾಗಿದ್ದೀರಾ?’ ಅಂತ ಕೇಳಿದರೆ ಇನ್ನೊಂದು ಕಷ್ಟ, ನಮ್ಮ ಜನ ತಲೆ ಆಡಿಸಿಯೇ ಉತ್ತರ ಕೊಡುವವರು. ತಲೆ ಜಾಗ ಬಿಟ್ಟಿತೋ, ಮತ್ತೆ ಮೊದಲಿಂದ ಪೊಸಿಷನ್ ನೋಡಬೇಕು.

ಮೊನ್ನೆ ಸಂಜೆ ಸ್ಟ್ರೋಕ್ ಇರಬಹುದು ಅಂತ ಒಬ್ಬ ಅಜ್ಜನನ್ನು ಕರೆತಂದರು. ಅವರಿಗೆ ಎಲ್ಲಿದ್ದೇನೆ ಅನ್ನೋದೇ ಗೊತ್ತಿಲ್ಲ. ಹೊರಗೆ ಬಿಟ್ಟ ಚಪ್ಪಲಿಯನ್ನು ಯಾರೋ ಹಾಕಿಕೊಂಡು ಹೋಗ್ತಾರೆ ಅನ್ನೋದೊಂದೇ ಚಿಂತೆ. ಮಂಪರಿನ ಔಷಧಿ ಕೊಟ್ಟರೆ ಎಚ್ಚರ ಎಷ್ಟಿದೆ ಅಂತ ನೋಡೋದೇ ಕಷ್ಟವಾಗುತ್ತೆ, ಔಷಧಿ ಇಲ್ಲದೆ ಹಾಗೇ ಮಾಡಿ ನೋಡಿ ಅಂದರು ಡಾಕ್ಟರು.

ಮೊದಲು ಡಿಫ್ಯೂಷನ್ ಅನ್ನೋ ಬಗೆಯ ಚಿತ್ರ ತೆಗೆದೆ. ಅದರಲ್ಲಿ ಒಂದೊಂದು ಸ್ಲೈಸೂ, ಅಂದರೆ ಮಿದುಳಿನ ಒಂದೊಂದು ಪದರದ ಚಿತ್ರವೂ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ, ಹಾಗಾಗಿ ಅವರ ಒದ್ದಾಟದಲ್ಲೂ ಸ್ಟ್ರೋಕಿನ ಗುರುತಾದ ಎಡಗಡೆಯ ಬಿಳಿ ಕಲೆ ಸ್ಪಷ್ಟವಾಗಿ ಸಿಕ್ಕಿತು. ಮುಖ್ಯವಾದದ್ದು ಕೈಗೆ ಬಂತು ಅಲ್ವಾ! ಆಮೇಲೆ ಫ್ಲೇರ್ ಅನ್ನೋ ಇನ್ನೊಂದು ಬಗೆಯ ಸ್ಕ್ಯಾನ್ ಹಾಕಿದರೆ ಒಂದು ಬುರುಡೆಯ ಅಂಚಿನ ಪಕ್ಕ ಇನ್ನೂ ನಾಲ್ಕು ಅಂಚು. ಫೋಟೋದಲ್ಲಾದರೆ ಅಲ್ಲಾಡಿದ ಕೈ ಮಾತ್ರ ಮಸುಕಾಗುತ್ತದೆ. ಇಲ್ಲಿ ಮಾಹಿತಿ ಸಾಲು ಸಾಲಾಗಿ ಹಲವು ನಿಮಿಷ ಸೇರುತ್ತಾ ಹೋಗಿ, ಕೊನೆಗೆ ಎಲ್ಲಾ ಸಾಲುಗಳಿಂದ ಒಟ್ಟಿಗೇ ಚಿತ್ರ ಆಗುವುದು. ಮಧ್ಯೆ ಎರಡು ಸಲ ತಲೆ ತಿರುಗಿಸಿದರೂ ಇಡೀ ಚಿತ್ರ ಕೆಡುತ್ತದೆ.

ಅಜ್ಜನ ಮಗಳನ್ನು ಒಳಗೆ ಕರೆದೆ. ಮೈಯೊಳಗೆ ಪೇಸ್‌ಮೇಕರ್, ಆಪರೇಷನ್ನಿನಲ್ಲಿ ಹಾಕಿದ ಕ್ಲಿಪ್ಪು ಏನೂ ಇಲ್ಲ ಅಂತ ಕೇಳಿಕೊಂಡು, ಮೊಬೈಲು, ಹೇರ್‌ಪಿನ್ನು, ಕರಿಮಣಿಗೆ ಸಿಕ್ಕಿಸಿದ್ದ ಪಿನ್ನುಗಳನ್ನೂ ತೆಗೆಸಿದೆ. ಮೆಷಿನ್ ಸ್ಕ್ಯಾನ್ ಮಾಡದಿದ್ದರೂ ಅಯಸ್ಕಾಂತ ಯಾವಾಗಲೂ ಆನ್ ಇರುತ್ತದೆ, ಇದನ್ನು ನಂಬಿಸೋದೇ ದೊಡ್ಡ ಕೆಲಸ. ಕಿವಿಗೆ ಹತ್ತಿ ಸಾಲದು ಅಂತ ಇಬ್ಬರಿಗೂ ಇಯರ್‌ಪ್ಲಗ್ ಹಾಕಿ, ಅಜ್ಜನ ತಲೆಯ ಎರಡೂ ಕಡೆ ಸ್ಪಾಂಜು, ಮಂಡಿ ಕೆಳಗೆ ದಿಂಬು, ಮೇಲೊಂದು ಕಂಬಳಿ. ಒಳಗೆ ಎಸಿ ಚಳಿಗೆ ನಡುಗಿದರೆ ಅದೂ ಅಲ್ಲಾಟವೇ. ಆಕೆ ಅಪ್ಪನ ಪಾದ ಹಿಡಿದು ನಿಂತರು.

‘ಚಪ್ಪಲಿ ನಾನೇ ಎತ್ತಿಟ್ಟಿದ್ದೀನಿ ಅಪ್ಪ.’

ಅಷ್ಟಕ್ಕೇ ಅಜ್ಜ ಅರ್ಧ ಸುಮ್ಮನಾದರು! ಟಿ2 ಅನ್ನೋ ಮತ್ತೊಂದು ಬಗೆಯ ಚಿತ್ರವನ್ನು ಬ್ಲೇಡ್ ಎಂಬ ವಿಧಾನದಲ್ಲಿ ತೆಗೆದೆ. ಅದು ಪಟ್ಟಿ ಪಟ್ಟಿಯಾಗಿ ಸುತ್ತುತ್ತಾ ಮಾಹಿತಿ ತೆಗೆಯುವುದರಿಂದ ಸಣ್ಣಪುಟ್ಟ ಕದಲಿಕೆಯನ್ನು ಸರಿಮಾಡಿಕೊಳ್ಳುತ್ತದೆ. ತಲೆಯನ್ನೇ ಮೇಲೆತ್ತಿದರೆ ಮಾತ್ರ ಅದರ ಕೈಯಲ್ಲೂ ಆಗಲ್ಲ. ಚಿತ್ರ ನೋಡಿದ ರೇಡಿಯಾಲಜಿಸ್ಟ್, ಅಂದರೆ ಸ್ಕ್ಯಾನ್ ಓದುವ ಡಾಕ್ಟರು, ‘ಸಾಕು, ಟಿ1 ಬಿಡಿ’ ಅಂತ ಉಳಿದ ಚಿತ್ರ ಬೇಡವೆಂದರು. ಹೊರಗೆ ಕಾಯುತ್ತಿದ್ದವರು ಮಾತ್ರ ‘ಅರ್ಧ ಗಂಟೆ ಅಂದಿದ್ರಿ’ ಅಂತ ಗಡಿಯಾರ ತೋರಿಸುತ್ತಿದ್ದರು.