ಮಂಗನ ಕಾಯಿಲೆ ಟೈಮಲ್ಲೇ ಎಕ್ಸಾಮೂ ಬರುತ್ತೆ

ನಮ್ಮ ಸಾಗರ, ತೀರ್ಥಹಳ್ಳಿ ಕಡೆ ಹೈಸ್ಕೂಲು, ಪಿಯುಸಿ ಮಕ್ಳನ್ನ ಮಂಗನ ಕಾಯಿಲೆ ಬಗ್ಗೆ ಕೇಳಿ ನೋಡಿ, ಪಟಪಟ ಅಂತ ಹೇಳ್ತಾರೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಲ್ಲಿ ಮೊದಲು ಗೊತ್ತಾಗಿದ್ದು, ಉಣುಗು ಕಚ್ಚಿದ್ರೆ ಈ ಜ್ವರ ಬರುತ್ತೆ, ಮಂಗ ಸತ್ತಿದ್ರೆ ಹತ್ರ ಹೋಗ್ಬಾರ್ದು, ಎಲ್ಲಾ ಬಾಯಿಪಾಠ. ಆದ್ರೆ ಅದೇ ಹುಡುಗ ಭಾನುವಾರ ಕೊಟ್ಟಿಗೆಗೆ ದರಗೆಲೆ ತರಕ್ಕೆ ಚಡ್ಡಿ ಹಾಕ್ಕೊಂಡೇ ಬೆಟ್ಟಕ್ಕೆ ಹೋಗ್ತಾನೆ, ಉಣುಗು ಹತ್ತದಂಗೆ ಮೈಗೆ ಹಚ್ಕೊಳ್ಳೋಕೆ ಆಶಾ ಕಾರ್ಯಕರ್ತೆ ಕೊಟ್ಟ ಡೇಪಾ ಎಣ್ಣೆ ಕಿಟಕಿ ಮೇಲೆ ಹಾಗೇ ಕೂತಿರುತ್ತೆ. ಕೇಳಿದ್ರೆ, ಅಂಟಂಟು ಅಂತಾನೆ.

ಇನ್ನೊಂದು, ಉಣುಗು ಅಂದ್ರೆ ದನದ ಕಿವಿಲಿ ಕಚ್ಕೊಂಡಿರೋ ದಪ್ಪಂದು ಅಂತ್ಲೇ ಮಕ್ಳ ತಲೇಲಿರೋದು. ನಮಗೆ ಕಾಯಿಲೆ ಹತ್ತಿಸೋದು ಹೆಚ್ಚಾಗಿ ಮರಿ ಉಣುಗು, ಎಳ್ಳಿಗಿಂತ ಚಿಕ್ಕದು, ಮೈ ಮೇಲೆ ಹತ್ತಿದ್ದೇ ಗೊತ್ತಾಗಲ್ಲ. ಅದರ ಕಾಟ ಡಿಸೆಂಬರಿಂದ ಮೇ ತನಕ. ಕಾಡಿಂದ ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ ಹಾಕಿ ಸೋಪು ಹಚ್ಚಿ ಸ್ನಾನ ಮಾಡು ಅನ್ನೋದು ಅದಕ್ಕೇ.

ನನಗೆ ಜಾಸ್ತಿ ಸಂಕಟ ಆಗೋದು ಜ್ವರ ಮುಚ್ಚಿಡೋದು ನೋಡಿದಾಗ. ಫೆಬ್ರವರಿ ಮಾರ್ಚು ಅಂದ್ರೆ ಪ್ರಿಪರೇಟರಿ, ಆಮೇಲೆ ಪಬ್ಲಿಕ್ ಎಕ್ಸಾಮು. ನಮ್ಮ ಪಕ್ಕದ್ಮನೆ ಹುಡುಗಿ ಜ್ವರ, ತಲೆನೋವು, ಮೈಕೈ ನೋವು ಇಟ್ಕೊಂಡೇ ಯಾರಿಗೂ ಹೇಳ್ದೆ ಮಾತ್ರೆ ನುಂಗಿ ಪರೀಕ್ಷೆ ಬರೆದ್ಲು, ವಸಡಲ್ಲಿ ರಕ್ತ ಬಂದ್ಮೇಲೇ ಅವರಮ್ಮಂಗೆ ಗೊತ್ತಾಗಿದ್ದು. ಹುಷಾರಾದ್ಲು, ಆದ್ರೆ ವಾಪಸ್ ಕ್ಲಾಸಿಗೆ ಹೋದಾಗ ಪಕ್ಕದಲ್ಲಿ ಕೂರಕ್ಕೆ ಒಬ್ರೂ ಒಪ್ಲಿಲ್ಲ. ಇದು ಮನುಷ್ಯರಿಂದ ಮನುಷ್ಯರಿಗೆ ಹರಡಲ್ಲ ಕಣ್ರೋ! ಹೀಗೆ ದೂರ ಇಟ್ರೆ ಮುಂದಿನ ವರ್ಷ ಜ್ವರ ಬಂದ ಮಗು ಬಾಯಿ ಬಿಡತ್ತಾ?

ಇದಕ್ಕೆ ಅಂತ್ಲೇ ಔಷಧಿ ಇಲ್ಲ, ಹಳೇ ಲಸಿಕೆನೂ 2022ರಲ್ಲಿ ನಿಂತೋಯ್ತು. ಬೇಗ ರಕ್ತ ಟೆಸ್ಟ್ ಮಾಡ್ಸಿ ಆಸ್ಪತ್ರೆಲಿ ನೋಡ್ಕೊಳ್ಳೋದೇ ದಾರಿ. ಕೆಲವ್ರಿಗೆ ಜ್ವರ ಬಿಟ್ಟು ಒಂದೆರಡು ವಾರಕ್ಕೆ ಮತ್ತೆ ಬಂದು ಈ ಸಲ ಮೆದುಳಿಗೇ ತೊಂದರೆ ಕೊಡುತ್ತೆ, ಹಾಗಾಗಿ ಜ್ವರ ಇಳೀತು ಅಂತ ಓದಕ್ಕೆ ಕೂರಿಸ್ಬೇಡಿ.

ಮೇಷ್ಟ್ರುಗಳಿಗೆ, ಅಪ್ಪ ಅಮ್ಮಂದಿರಿಗೆ ಕೈಮುಗಿದು ಕೇಳ್ತೀನಿ, ಮಕ್ಳಿಗೆ ಇನ್ನೊಂದು ವಿಷ್ಯನೂ ಹೇಳಿ. 2024ರಿಂದ ಎಸ್ಸೆಸ್ಸೆಲ್ಸಿಗೂ ಸೆಕೆಂಡ್ ಪಿಯುಸಿಗೂ ಒಂದೇ ಪರೀಕ್ಷೆ ಅಲ್ಲ, ಮೊದಲ್ನೇದು ತಪ್ಪಿದ್ರೆ ಎರಡನೇದು ಬರೀಬಹುದು, ವರ್ಷ ಹಾಳಾಗಲ್ಲ. ಜ್ವರ ಬಂದ ದಿನವೇ ಹೇಳು, ಕಾಡಿಗೆ ಯಾವಾಗ ಹೋಗಿದ್ದೆ ಅನ್ನೋದನ್ನೂ ಡಾಕ್ಟ್ರಿಗೆ ಹೇಳು ಅಂತ ಡಿಸೆಂಬರಲ್ಲೇ ಹೇಳಿಡಿ.