ಶಿವರಾತ್ರಿ ಕಳೆದ ಮೇಲೆ ಉಲ್ಲನ್

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತೆ ಅನ್ನೋ ಮಾತಿದೆಯಲ್ಲ, ನಾನು ಉಲ್ಲನ್ ಉಂಡೆ ಮನೆಗೆ ತಂದಿದ್ದು ಸರಿಯಾಗಿ ಅದರ ಮುಂದಿನ ವಾರ. 2025ರ ಮಾರ್ಚ್ ಶುರು. ಬೆಂಗಳೂರಿನಲ್ಲಿ ಆಗಲೇ ಮಧ್ಯಾಹ್ನದ ಫ್ಯಾನು ಎರಡರಿಂದ ನಾಲ್ಕಕ್ಕೆ ಹೋಗಿತ್ತು. ಕೆಳಗಿನ ಮನೆಯವರು ಮೆಟ್ಟಿಲಲ್ಲಿ ಸಿಕ್ಕರು. ಚೀಲದೊಳಗೆ ಇಣುಕಿ, "ಏನ್ರೀ, ಮುಂದಿನ ಚಳಿಗಾಲಕ್ಕೆ ಈಗ್ಲೇ ತಯಾರಿನಾ?" ಅಂದರು. ನಕ್ಕು ಮೇಲೆ ಬಂದೆ. ಅದರಲ್ಲಿ ಏನು ಹೆಣೆಯಬೇಕು ಅಂತ ನನಗೇ ಗೊತ್ತಿರಲಿಲ್ಲ.

ತಂದಿದ್ದು ದೊಡ್ಡಮ್ಮನ ಸಲುವಾಗಿ. ತೀರ್ಥಹಳ್ಳಿ ಹತ್ತಿರದ ಹಳ್ಳಿಯಿಂದ ಕಣ್ಣಿನ ಪೊರೆ ಆಪರೇಷನ್ ಮಾಡಿಸಿಕೊಳ್ಳಲು ಬಂದಿದ್ದರು. ಎರಡೂ ಕಣ್ಣಲ್ಲಿ ಪೊರೆ. ಮೊದಲು ಬಲಗಣ್ಣು, ಎಡಗಣ್ಣು ಆಮೇಲೆ ಅಂದಿದ್ದರು ಡಾಕ್ಟರು. ಅಷ್ಟರಲ್ಲಿ ಶುಗರ್ ಜಾಸ್ತಿ ಇದೆ ಅಂತ ಹತ್ತು ದಿನ ಮುಂದೆ ಹಾಕಿದರು. ಊರಲ್ಲಾದರೆ ದೊಡ್ಡಮ್ಮನಿಗೆ ಅಂಗಳವಿದೆ, ಕೊಟ್ಟಿಗೆಯಿದೆ, ಬೈಯೋದಕ್ಕೆ ಕೆಲಸದವರಿದ್ದಾರೆ. ಇಲ್ಲಿ ಎರಡನೇ ಮಹಡಿ. ಟೀವಿ ಮಸುಕು, ಪೇಪರ್ ಇನ್ನೂ ಮಸುಕು. ಎರಡನೇ ದಿನವೇ "ಎಂತ ಮಾಡೂದೇ ಇಲ್ಲಿ ಕೂತ್ಕಂಡು?" ಅಂತ ಶುರುವಾಯಿತು.

ಅವರ ಮನೆಯಲ್ಲಿ ನನಗೆ ನೆನಪಿರೋದು ಬಿಳಿ ದಾರದ ಹೊದಿಕೆಗಳು. ರೇಡಿಯೋ ಮೇಲೊಂದು, ಆಮೇಲೆ ಬಂದ ಟೀವಿ ಮೇಲೊಂದು, ನೀರಿನ ಹೂಜಿ ಮೇಲೆ ಸುತ್ತ ಮಣಿ ಕಟ್ಟಿದ್ದು ಇನ್ನೊಂದು. ದೇವರ ಕೋಣೆ ಬಾಗಿಲಿಗೆ ತೋರಣ. ಆ ಮಣಿ ಕಿತ್ತು ಗೋಲಿ ಆಡಿ ನಾನು ಪೆಟ್ಟು ತಿಂದಿದ್ದೇನೆ. ಎಲ್ಲ ದೊಡ್ಡಮ್ಮನ ಕೈ ಕೆಲಸ. ಕಡ್ಡಿ ಮುಟ್ಟದೆ ಇಪ್ಪತ್ತು ವರ್ಷ ಆಗಿರಬೇಕು. "ನಂಗೆ ಹೇಳ್ಕೊಡಿ ದೊಡ್ಡಮ್ಮ" ಅಂದೆ. ಕಲಿಯೋ ಆಸೆಯೇನೂ ಇರಲಿಲ್ಲ. ಅವರಿಗೆ ಹೊತ್ತು ಹೋಗಲಿ ಅಂತ ಅಷ್ಟೇ.

ಗಾಂಧಿ ಬಜಾರ್ ಕಡೆಯ ದಾರದ ಅಂಗಡಿಗೆ ಹೋದರೆ, ಕ್ರೋಶಾ ಕಡ್ಡಿ ಅನ್ನುತ್ತಿದ್ದ ಹಾಗೇ "ಕುಚ್ಚಿಗಾ ಮೇಡಂ?" ಅಂದರು. ಹೌದಲ್ಲ! ಸೀರೆ ಸೆರಗಿಗೆ ಕ್ರೋಶಾ ಕುಚ್ಚು ಹಾಕಿಕೊಡುವ ಹೆಂಗಸರು ನಮ್ಮ ಬೀದಿಯಲ್ಲೇ ಇಬ್ಬರಿದ್ದಾರೆ. ನಾನೇ ದುಡ್ಡು ಕೊಟ್ಟು ಹಾಕಿಸಿಕೊಂಡಿದ್ದೇನೆ, ಜಾಸ್ತಿ ಆಯ್ತು ಅಂತ ಚೌಕಾಸಿಯನ್ನೂ ಮಾಡಿದ್ದೇನೆ. ಇದೂ ಅದೇ ಕೆಲಸ ಅಂತ ಹೊಳೆದೇ ಇರಲಿಲ್ಲ. ರೇಷ್ಮೆ ದಾರಕ್ಕೆ ಸೂಜಿಯಷ್ಟು ಸಣ್ಣ ಉಕ್ಕಿನ ಕಡ್ಡಿ ಬೇಕು. ಹೊಸದಾಗಿ ಕಲಿಯೋರಿಗೆ ದಪ್ಪದ್ದೇ ವಾಸಿ ಅಂತ 4 ಮಿಲಿಮೀಟರ್‌ದು ಕೊಟ್ಟರು. ಉಲ್ಲನ್ ಅಂದರೂ ಅದಕ್ಕೂ ಕುರಿಗೂ ಸಂಬಂಧವಿಲ್ಲ, ಅಕ್ರಿಲಿಕ್.

ಬಣ್ಣಕ್ಕೇ ಜಾಸ್ತಿ ಹೊತ್ತು ಹಿಡಿಯಿತು. ನಮ್ಮ ಬಾಲ್ಕನಿ ಎದುರಿಗೆ ಒಂದು ಹೊಂಗೆ ಮರವಿದೆ. ಫೆಬ್ರವರಿಯಲ್ಲಿ ಎಲೆ ಉದುರಿಸಿ ಬೀದಿ ತುಂಬ ಕಸ ಮಾಡಿ, ಗುಡಿಸುವವರಿಂದ ಬೈಸಿಕೊಂಡು, ಕೆಲವೇ ದಿನದಲ್ಲಿ ಏನೂ ಆಗಿಲ್ಲವೆಂಬಂತೆ ಚಿಗುರಿ ನಿಲ್ಲುತ್ತದೆ. ಆ ಚಿಗುರಿನ ಹಸಿರು ಬೇಕು ಅಂತ ನನ್ನ ಹಟ. ಒಂದೆಲೆ ಕಿತ್ತು ಪರ್ಸಿನಲ್ಲಿ ಇಟ್ಟುಕೊಂಡು ಹೋಗಿದ್ದೆ. ಅಂಗಡಿಯಲ್ಲಿ ತೆಗೆದರೆ ಬಾಡಿ ಮುದ್ದೆ. ಅಂದಾಜಿನ ಮೇಲೆ ಗಿಳಿ ಹಸಿರು ತಂದೆ. ದೊಡ್ಡಮ್ಮ ಅದನ್ನು ಕಿಟಕಿ ಹತ್ತಿರ ಒಯ್ದು, ಹತ್ತಿರ ದೂರ ಹಿಡಿದು, "ಹಳೇ ಉಪ್ಪಿನಕಾಯಿ ಮಿಡಿ ಬಣ್ಣ ಎಂತಕ್ಕೆ ತಂದ್ಯೇ ಮಾರಾಯ್ತಿ" ಅಂದರು. ನನಗೆ ಮುಖ ಸಣ್ಣಗಾಯಿತು.

ಕ್ರೋಶಾ ಅನ್ನೋದು ಫ್ರೆಂಚ್‌ನಿಂದ ಬಂದ ಮಾತು, ಸಣ್ಣ ಕೊಕ್ಕೆ ಅಂತ ಅರ್ಥ. ಇರೋದೂ ಅಷ್ಟೇ. ಒಂದು ಕೊಕ್ಕೆ, ಒಂದು ದಾರ, ಒಂದು ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ ಎಳೆಯೋದು. ದೊಡ್ಡಮ್ಮನ ಕೈಯಲ್ಲಿ ಹೂ ಕಟ್ಟಿದಷ್ಟು ಸಲೀಸು. ನನಗೆ ದಾರ ಹಿಡಿಯೋದೇ ಬರಲಿಲ್ಲ. ಎಡಗೈ ಕಿರುಬೆರಳಿಗೆ ಒಂದು ಸುತ್ತು ಹಾಕಿ, ತೋರುಬೆರಳ ಮೇಲಿಂದ ಹಾಯಿಸಬೇಕು. ಬಿಟ್ಟರೆ ಜಾರುತ್ತೆ, ಹಿಡಿದರೆ ಬಿಗಿಯುತ್ತೆ. ಮೊದಲ ದಿನದ ನನ್ನ ಸರಪಳಿ ಎಷ್ಟು ಬಿಗಿಯಾಗಿತ್ತೆಂದರೆ ಅದರೊಳಗೆ ಕಡ್ಡಿ ತೂರಲೇ ಇಲ್ಲ. "ದನ ಕಟ್ಟೋ ಹಗ್ಗ ಅಲ್ಲ ಕೂಸೇ, ಅದು ಓಡಿ ಹೋಗೂದಿಲ್ಲ" ಅಂದರು.

ಅವರು ನೋಡುತ್ತಿದ್ದುದು ಹೆಬ್ಬೆರಳಿನಿಂದ. ನಾನು ಹೆಣೆದಿದ್ದನ್ನು ಮಡಿಲಲ್ಲಿಟ್ಟುಕೊಂಡು, ಮುಖ ಬೇರೆಲ್ಲೋ ತಿರುಗಿಸಿ, ಅಂಚಿನ ಮೇಲೆ ಹೆಬ್ಬೆರಳು ಓಡಿಸುವರು. ಬೆರಳು ಒಂದು ಕಡೆ ನಿಲ್ಲುತ್ತೆ. "ಇಲ್ಲೊಂದು ಬಿಟ್ಟಿದ್ದೀಯ." ನಾನು ಎರಡು ಕಣ್ಣು, ಒಂದು ಕನ್ನಡಕ ಹಾಕಿ ಹುಡುಕಿದರೆ, ಹೌದು, ಅಲ್ಲೇ ಒಂದು ಬಿಟ್ಟಿರುತ್ತಿತ್ತು.

ಮೂರು ದಿನದಲ್ಲಿ ನನಗೆ ಸೊಕ್ಕು ಬಂತು. ದೊಡ್ಡಮ್ಮ ಮಲಗಿದ್ದಾಗ ಇಂಟರ್‌ನೆಟ್ಟಿನಲ್ಲಿ ಸಿಕ್ಕ ಒಂದು ನಮೂನೆ ಇಟ್ಟುಕೊಂಡು ಕೂತೆ. ಪಾತ್ರೆ ಕೆಳಗೆ ಇಡುವ ಚಪ್ಪಟೆ ಚಕ್ಕೆ. ನಡುವೆ 6 ಡಬಲ್ (ಅದೊಂದು ಬಗೆಯ ಹೆಣಿಗೆ), ಆಮೇಲೆ ಸುತ್ತಿಗೆ 6 ಜಾಸ್ತಿ ಮಾಡುತ್ತಾ ಹೋಗಿ ಅಂತ ಬರೆದಿತ್ತು. ಡಬಲ್ ಹೇಗೆ ಹಾಕೋದು ಅಂತ ಒಂದು ವಿಡಿಯೋ ನೋಡಿಕೊಂಡೆ. ಐದು ಸುತ್ತು ಮುಗಿಯುವಷ್ಟರಲ್ಲಿ ಚಕ್ಕೆ ಅಂಚೆದ್ದು ಮಗುವಿನ ಕುಲಾವಿಯಾಯಿತು. ಬಿಚ್ಚಿದೆ, ಹೆಣೆದೆ, ಮತ್ತೆ ಕುಲಾವಿ. ರಾತ್ರಿ ಹನ್ನೊಂದಕ್ಕೆ ಕಾರಣ ಗೊತ್ತಾಯಿತು. ನಮೂನೆ ಬ್ರಿಟಿಷರದು, ವಿಡಿಯೋ ಅಮೆರಿಕದ್ದು. ಅಮೆರಿಕದವರು ಸಿಂಗಲ್ ಅನ್ನೋದನ್ನೇ ಬ್ರಿಟಿಷರು ಡಬಲ್ ಅನ್ನುತ್ತಾರೆ. ಅಮೆರಿಕದವರ ಡಬಲ್ ಬ್ರಿಟಿಷರಿಗೆ ಟ್ರೆಬಲ್. ಬ್ರಿಟಿಷರ ಲೆಕ್ಕದಲ್ಲಿ ಸಿಂಗಲ್ ಅನ್ನೋದೇ ಇಲ್ಲ! ನಾನು ಹಾಕಿದ್ದು ಎತ್ತರದ ಹೆಣಿಗೆ. ಅದಕ್ಕೆ 12ರಿಂದ ಶುರು ಮಾಡಿ ಸುತ್ತಿಗೆ 12 ಸೇರಿಸಬೇಕು. 6 ಸೇರಿಸಿದರೆ ಜಾಗ ಸಾಲದೆ ಮೇಲೇಳುತ್ತೆ. ಬೆಳಿಗ್ಗೆ ಇದನ್ನೆಲ್ಲ ದೊಡ್ಡಮ್ಮನಿಗೆ ವಿವರಿಸಿದೆ. "ನಾವು ಗಿಡ್ಡ ಕಂಬ, ಉದ್ದ ಕಂಬ ಅಂತಿದ್ವಿ. ಜಗಳವೇ ಇರ್ಲಿಲ್ಲ" ಅಂದರು.

ಮುಂದಿನದು ಇನ್ನೂ ಚಂದ. ಸಾಲದೆ ಹೋಗಿದ್ದಕ್ಕೆ ಈ ಸಲ ಧಾರಾಳವಾಗಿ ಪ್ರತಿ ಮನೆಗೂ, ಅಂದರೆ ಹಿಂದಿನ ಸುತ್ತಿನ ಒಂದೊಂದು ಹೆಣಿಗೆಗೂ, ಎರಡೆರಡು ಹಾಕಿದೆ. 6, 12, 24, 48. ಅಂಚೆಲ್ಲ ನಿರಿಗೆ ನಿರಿಗೆಯಾಗಿ ಕೋಳಿಜುಟ್ಟಿನ ಹೂವಾಯಿತು. ಎಷ್ಟು ಒತ್ತಿದರೂ ಮೇಜಿನ ಮೇಲೆ ಮಲಗಲೊಲ್ಲದು. ಈ ತಪ್ಪಿಗೆ ಮಾತ್ರ ನನಗೆ ಒಂದಿಷ್ಟು ಹೆಮ್ಮೆಯಿದೆ. ಯಾಕೆಂದರೆ ಡೈನಾ ಟೈಮಿನಾ ಅನ್ನೋ ಗಣಿತದ ಪ್ರೊಫೆಸರ್ 1997ರಲ್ಲಿ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವಾಗ, ಬೇಕಂತಲೇ ಹೀಗೆ ಹೆಣೆದರು. ಹೈಪರ್ಬೋಲಿಕ್ ಅನ್ನುವ, ಅಂಚಿಗೆ ಹೋದಷ್ಟೂ ಹಿಗ್ಗಿ ನಿರಿಗೆಯೇಳುವ ಜಾತಿಯ ಮೇಲ್ಮೈಯನ್ನು ಹುಡುಗರ ಕೈಗೆ ಕೊಡೋದು ಕಷ್ಟವಾಗಿತ್ತು. ಕಾಗದದ ಮಾದರಿ ಹರಿದು ಹೋಗುತ್ತಿತ್ತು. ಅವರು ಕ್ರೋಶಾ ಕಡ್ಡಿ ತಗೊಂಡು, ಲೆಕ್ಕ ಹಾಕಿ ಮನೆ ಹೆಚ್ಚಿಸುತ್ತಾ ಹೋದರು, ನಿರಿಗೆ ಎದ್ದಿತು. ದೊಡ್ಡಮ್ಮನಿಗೆ ಹೇಳಿದೆ. ಅವರು ಆ ಕೋಳಿಜುಟ್ಟನ್ನು ಕೈಯಲ್ಲಿ ತೂಗಿ, "ಪಾತ್ರೆ ತಿಕ್ಕಕ್ಕೆ ಆಗ್ತದೆ" ಅಂದರು. ಸಿಂಕಿನ ಪಕ್ಕ ಈಗಲೂ ಇದೆ. ಚೆನ್ನಾಗಿ ತಿಕ್ಕುತ್ತೆ.

ಹೀಗೆ ಬಿಚ್ಚಿದ್ದೇ ಹೆಚ್ಚು. ಒಂದು ಒಳ್ಳೆಯದಿದೆ. ಎರಡು ಕಡ್ಡಿಯ ಹೆಣಿಗೆಯಲ್ಲಿ ಸಾಲಿನ ಅಷ್ಟೂ ಕುಣಿಕೆ ಕಡ್ಡಿ ಮೇಲೆ ಜೀವ ಹಿಡಿದುಕೊಂಡಿರುತ್ತವೆ. ಒಂದು ಜಾರಿದರೂ ತಾಪತ್ರಯ. ಕ್ರೋಶಾದಲ್ಲಿ ಕಡ್ಡಿ ಮೇಲಿರೋದು ಒಂದೇ ಕುಣಿಕೆ. ಕಡ್ಡಿ ತೆಗೆದು ದಾರ ಎಳೆದರೆ ಸರ್ರನೆ ಬಿಚ್ಚಿಕೊಳ್ಳುತ್ತದೆ, ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಿ ಮತ್ತೆ ಶುರು ಮಾಡಬಹುದು. ಆದರೆ ಅಳು ಬರುತ್ತೆ, ಅದು ಬೇರೆ ಮಾತು.

ಶುಗರ್ ಇಳಿಯಿತು. ಆಪರೇಷನ್ ದಿನ ಆಟೋದಲ್ಲಿ ಹೋಗುವಾಗ ದಾರಿಯುದ್ದಕ್ಕೂ ಟಬೂಬಿಯಾ ಮರಗಳು ಎಲೆಯೇ ಇಲ್ಲದೆ ಬರೀ ಗುಲಾಬಿ ಹೂ ಹೊತ್ತು ನಿಂತಿದ್ದವು. ಜನ ಗಾಡಿ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು. "ನೋಡಿ ದೊಡ್ಡಮ್ಮ" ಅಂದೆ. "ಹ್ಞೂಂ, ಎಂತದೋ ಬೆಳ್ಳಗೆ" ಅಂದರು. ಒಂದು ಮರದ ಹೂ ಮುಗಿಯುವಾಗ ಇನ್ನೊಂದರದು ಶುರುವಾಗಬೇಕು ಅಂತ ಲೆಕ್ಕ ಹಾಕಿ ಈ ಊರಿನ ಬೀದಿಗಳಿಗೆ ಮರ ಆರಿಸುತ್ತಿದ್ದವರು ಕ್ರುಂಬಿಗಲ್, 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯವರು. ನಾನು ಅದನ್ನೂ ಹೇಳಿದೆ. ಹೆದರಿಕೆಗೆ ಏನೇನೋ ಮಾತಾಡುತ್ತಿದ್ದೆ. ದೊಡ್ಡಮ್ಮ ಉತ್ತರ ಕೊಡಲಿಲ್ಲ. ನನ್ನ ಕೈ ಹಿಡಿದುಕೊಂಡರು.

ಒಳಗೆ ಹೋಗಿ ಬರಲು ಅರ್ಧ ಗಂಟೆಯೂ ಹಿಡಿಯಲಿಲ್ಲ. ನಾನು ಹೊರಗೆ ಕೂತು ಹೆಣೆದ ಆ ಎರಡು ಸುತ್ತಿನಲ್ಲಿ ಒಂದೂ ತಪ್ಪಿರಲಿಲ್ಲ. ಆಮೇಲೆ ಎಣಿಸಿ ನೋಡಿದೆ.

ಮಾರನೇ ದಿನ ಪಟ್ಟಿ ಬಿಚ್ಚಿದರು. ಕಪ್ಪು ಕನ್ನಡಕ, ದಿನಕ್ಕೆ ಆರು ಸಲ ಡ್ರಾಪ್ಸ್, ತಲೆಗೆ ಸ್ನಾನ ಇಲ್ಲ, ಬಗ್ಗಬಾರದು, ಒಲೆ ಮುಂದೆ ನಿಲ್ಲಬಾರದು. ಮನೆಗೆ ಬಂದವರು ನೇರ ಬಾಲ್ಕನಿಗೆ ಹೋದರು. ಸಂಜೆ ಐದರ ಬಿಸಿಲು ಹೊಂಗೆಯ ಹಿಂದಿನಿಂದ ಬರುತ್ತಿತ್ತು. ಒಂದೊಂದು ಎಲೆಯೂ ಎಣ್ಣೆ ಸವರಿದ ಹಾಗೆ. ದೊಡ್ಡಮ್ಮ ಕನ್ನಡಕ ತೆಗೆದರು. ನಾನು ಬೇಡ ಬೇಡ ಅನ್ನುವಷ್ಟರಲ್ಲಿ ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ನೋಡಿದರು. ಆಮೇಲೆ ಎಡಗಣ್ಣು ಮುಚ್ಚಿ ಬಲಗಣ್ಣಲ್ಲಿ. ಮತ್ತೆ ಎಡ. ಮತ್ತೆ ಬಲ.

"ಇದು ಹೊಸಾ ಎಲೆ. ಇದು ಹಳೇ ಎಲೆ. ಹೊಸಾದು. ಹಳೇದು." ಚಿಕ್ಕ ಹುಡುಗಿಯ ಹಾಗೆ ಮಾಡುತ್ತಲೇ ಇದ್ದರು. ಪೊರೆ ಬಂದ ಕಣ್ಣಿನ ಮಸೂರ ವರ್ಷ ಕಳೆದಂತೆ ಹಳದಿಗೆ, ಕಂದಿಗೆ ತಿರುಗುತ್ತದಂತೆ. ಎಲ್ಲವನ್ನೂ ಚಹಾದೊಳಗಿಂದ ನೋಡಿದ ಹಾಗೆ. ನಿಧಾನಕ್ಕೆ ಆಗೋದರಿಂದ ನೋಡುವವರಿಗೆ ಗೊತ್ತೇ ಆಗೋದಿಲ್ಲ. ಒಂದು ಕಣ್ಣು ತಿಳಿಯಾಗಿ ಇನ್ನೊಂದು ಹಾಗೇ ಇದ್ದಾಗಲೇ ವ್ಯತ್ಯಾಸ ತಿಳಿಯೋದು.

"ಆ ಉಲ್ಲನ್ ತಗಂಬಾ."

ತಂದುಕೊಟ್ಟೆ. ಮರಕ್ಕೆ ಅಡ್ಡ ಹಿಡಿದು ಎಡ, ಬಲ ನೋಡಿದರು. ಈ ಕಣ್ಣಲ್ಲಿ ಉಪ್ಪಿನಕಾಯಿ ಮಿಡಿ, ಆ ಕಣ್ಣಲ್ಲಿ ಗಿಳಿ. ನನಗೆ ಗೆದ್ದಷ್ಟು ಖುಷಿ. "ಆದ್ರೂ ಎಲೆ ಬಣ್ಣ ಅಲ್ಲ" ಅಂದರು ತಕ್ಷಣ. ನೋಡಿದರೆ ನಿಜ. ನಾನು ಬಿಚ್ಚಿ ಕಟ್ಟುತ್ತಿದ್ದ ಎರಡು ವಾರದಲ್ಲಿ ಚಿಗುರು ಒಂದು ಪಟ್ಟು ಬಲಿತಿತ್ತು. ತಂದ ದಿನ ಸರಿಯಿದ್ದ ಹಸಿರು ಈಗ ಎಳಸು. ಮರ ಯಾರಿಗಾಗಿ ಕಾಯುತ್ತೆ?

ಮಾರ್ಚ್ 30ಕ್ಕೆ ಯುಗಾದಿ. ಎಣ್ಣೆ ಸ್ನಾನ ಇಲ್ಲದ ಯುಗಾದಿ ಇದೇ ಮೊದಲು ಅಂತ ದೊಡ್ಡಮ್ಮ ಬೆಳಿಗ್ಗೆಯಿಂದ ಗೊಣಗಿದರು. ಬೇವಿನ ಹೂವನ್ನು ಮಾತ್ರ ತಾವೇ ಬಿಡಿಸಿದರು, ಒಂದೊಂದನ್ನೇ ಕಣ್ಣ ಹತ್ತಿರ ತಂದು. ನನ್ನ ಚಕ್ಕೆ ಎಂಟು ಸುತ್ತಿಗೆ ಬಂದಿತ್ತು, ಅಂಚಿನಲ್ಲಿ ಸ್ವಲ್ಪ ಅಂಕುಡೊಂಕು. ಬೇವು ಬೆಲ್ಲದ ಬಟ್ಟಲ ಕೆಳಗೆ ಇಟ್ಟೆ. ಬಂದವರಲ್ಲಿ ಒಬ್ಬರು "ಎಷ್ಟಕ್ಕೆ ತಗೊಂಡ್ರಿ?" ಅಂದರು. ದೊಡ್ಡಮ್ಮ, ಮುಖ ಒಂದಿಷ್ಟೂ ಅಲ್ಲಾಡಿಸದೆ, "ಹತ್ತು ಸಲ ಬಿಚ್ಚಿದ್ದಕ್ಕೆ" ಅಂದರು.

ಏಪ್ರಿಲ್ ಎರಡನೇ ವಾರ ಊರಿಗೆ ಹೋದರು. ಎಡಗಣ್ಣು ಮಳೆಗಾಲ ಕಳೆದ ಮೇಲೆ ಅಂತಾಯಿತು. ಅಷ್ಟರಲ್ಲಿ ಹೊಂಗೆ ಹೂ ಬಿಟ್ಟಿತ್ತು. ಬಿಳಿಗೆ ತುಸು ನೇರಳೆ ಹಚ್ಚಿದ ಸಣ್ಣ ಹೂ, ಬೆಳಿಗ್ಗೆ ಎದ್ದರೆ ಬಾಲ್ಕನಿ ತುಂಬ ಮಂಡಕ್ಕಿ ಚೆಲ್ಲಿದ ಹಾಗೆ. ಜೇನುಹುಳದ ಗುಂಯ್ ಸದ್ದಿನಲ್ಲಿ ಆಫೀಸಿನ ಮೀಟಿಂಗ್ ಅರ್ಧ ಕೇಳಿಸುತ್ತಿರಲಿಲ್ಲ. ಕೇಳಿಸದಿದ್ದರೆ ನಷ್ಟವೇನೂ ಇಲ್ಲ, ಕೈ ತನ್ನ ಪಾಡಿಗೆ ಹೆಣೆಯುತ್ತಿತ್ತು.

ಒಂದು ಸಂಜೆ ಫೋನ್ ಬಂತು.

"ಎಷ್ಟನೇ ಸುತ್ತು?"

"ಹದಿಮೂರು, ದೊಡ್ಡಮ್ಮ."

"ಎಣಿಸಿದ್ಯ?"

ಮಾತಾಡುತ್ತಲೇ ಹೆಬ್ಬೆರಳು ಓಡಿಸಿದೆ. 78 ಇರಬೇಕು. 76 ಇತ್ತು. ಮತ್ತೆ ಎಣಿಸಿದೆ. 76.

"ಸರಿ ಇದೆ" ಅಂದೆ.

ಆ ಕಡೆಯಿಂದ ಒಂದು ಕ್ಷಣ ಸದ್ದಿಲ್ಲ. ಹಿಂದೆ ಎಲ್ಲೋ ಕರು ಕೂಗುತ್ತಿತ್ತು.

"ಬಿಚ್ಚು" ಅಂದರು ದೊಡ್ಡಮ್ಮ.