ಬೆಳಿಗ್ಗೆಯ ಚೌಕಾಬಾರ, ಮಧ್ಯಾಹ್ನದ ಚೌಕಾಬಾರ

ಮಗನಿಗೆ ಮಾತ್ರೆ ಶುರು ಮಾಡಿದ ಮೇಲೆ ಗೊತ್ತಿರುವವರೆಲ್ಲ ಕೇಳಿದ್ದು ಒಂದೇ ಮಾತು. ‘ಈಗ ಹೇಗಿದ್ದಾನೆ? ಸುಮ್ನೆ ಕೂರ್ತಾನಾ?’ ಪ್ರೀತಿಯಿಂದಲೇ ಕೇಳುತ್ತಾರೆ. ಆದರೆ ಅದು ಕೇಳಬೇಕಾದ ಪ್ರಶ್ನೆ ಅಲ್ಲ ಅಂತ ನಮ್ಮ ಡಾಕ್ಟರ್ ಮೊದಲ ದಿನವೇ ಹೇಳಿದ್ದರು. ‘ಮಗುವನ್ನ ಸುಮ್ನೆ ಕೂರಿಸೋಕೆ ಈ ಮಾತ್ರೆ ಕೊಡ್ತಿಲ್ಲ. ಅವನಿಗೆ ಯಾವುದು ಆಗ್ತಿರಲಿಲ್ವೋ ಅದು ಆಗ್ತಿದೆಯಾ ಅಂತ ನೋಡಿ. ನೋಡಿದ್ದನ್ನ ಬರೆದು ತನ್ನಿ.’

ಅವನಿಗೆ ಎಂಟು ವರ್ಷ, ಮೂರನೇ ಕ್ಲಾಸು. ಎಡಿಎಚ್‌ಡಿ ಇದೆ, ಅಂದರೆ ಗಮನ ನಿಲ್ಲದ, ಸುಮ್ಮನೆ ಕೂರಲಾಗದ, ಸರದಿ ಕಾಯಲಾಗದ ತೊಂದರೆ. ಕೊಟ್ಟಿದ್ದು ಮೀಥೈಲ್‌ಫೆನಿಡೇಟ್ ಅನ್ನುವ ಮಾತ್ರೆ. 1944ರಲ್ಲಿ ತಯಾರಾದ ಹಳೆಯ ಔಷಧಿ ಇದು. ನುಂಗಿದ ಅರ್ಧ ಮುಕ್ಕಾಲು ಗಂಟೆಯಲ್ಲಿ ಕೆಲಸ ಶುರು ಮಾಡುತ್ತದೆ, ಸುಮಾರು ನಾಲ್ಕು ಗಂಟೆಯಲ್ಲಿ ಇಳಿದುಹೋಗುತ್ತದೆ. ಇದರ ಅರ್ಥ ಏನು ಅಂತ ಸ್ವಲ್ಪ ಯೋಚಿಸಿ. ಬೆಳಿಗ್ಗೆ ಎಂಟಕ್ಕೆ ಮಾತ್ರೆ ಕೊಟ್ಟು ಸ್ಕೂಲಿಗೆ ಕಳಿಸುತ್ತೇವೆ. ಅದು ಕೆಲಸ ಮಾಡುವ ಹೊತ್ತಿನಲ್ಲಿ ಮಗು ನಮ್ಮ ಕಣ್ಣೆದುರು ಇರುವುದೇ ಇಲ್ಲ. ಸಂಜೆ ನಾಲ್ಕಕ್ಕೆ ಮನೆಗೆ ಬರುವ ಹೊತ್ತಿಗೆ ಮಾತ್ರೆ ಮುಗಿದಿರುತ್ತದೆ. ಕೆಲವು ಮಕ್ಕಳಿಗೆ ಅದು ಇಳಿಯುವಾಗ ಸಿಟ್ಟು, ಅಳು, ಓಡಾಟ ಮೊದಲಿಗಿಂತ ಜಾಸ್ತಿಯೇ ಆಗುತ್ತದೆ. ತಂದೆತಾಯಿ ನೋಡುವುದು ಮಾತ್ರೆ ಇಳಿದ ಮೇಲಿನ ಹೊತ್ತನ್ನ. ಔಷಧಿಯಿಂದ ಏನೂ ಪ್ರಯೋಜನ ಇಲ್ಲ ಅಂತ ಎಷ್ಟೋ ಮನೆಗಳಲ್ಲಿ ಅರ್ಧಕ್ಕೇ ಬಿಟ್ಟುಬಿಡುವುದಕ್ಕೆ ಇದೂ ಒಂದು ಕಾರಣ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ.

ಅದಕ್ಕೇ ಒಂದು ಹಾಳೆ ಮಾಡಿಕೊಂಡೆವು. ವ್ಯಾಂಡರ್‌ಬಿಲ್ಟ್ ಅಂತ ಒಂದು ಫಾರಂ ಇದೆ. ತಂದೆತಾಯಿಗೆ ಒಂದು, ಟೀಚರ್‌ಗೆ ಇನ್ನೊಂದು. ಒಂದೊಂದು ಲಕ್ಷಣಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ಅದನ್ನು ಡಾಕ್ಟರ್ ಆಗಾಗ ತುಂಬಿಸಿಕೊಳ್ಳುತ್ತಿದ್ದರು. ದಿನಾ ಬರೆಯುವುದಕ್ಕೆ ಮಾತ್ರ ನಾವೇ ಮೂರು ವಿಷಯ ಆರಿಸಿಕೊಂಡೆವು. ಬೋರ್ಡ್ ಮೇಲಿದ್ದದ್ದನ್ನು ಪೂರ್ತಿ ಬರೆದುಕೊಂಡನಾ? ತನ್ನ ಸರದಿ ಬರುವ ತನಕ ಕಾದನಾ? ಬೇರೆ ಮಕ್ಕಳ ಮೇಲೆ ಕೈ ಮಾಡಿದನಾ? ‘ಚೆನ್ನಾಗಿದ್ದ’, ‘ಪರವಾಗಿಲ್ಲ’ ಅಂತ ಬರೆಯುವ ಹಾಗಿಲ್ಲ. ಪಕ್ಕದಲ್ಲಿ ಊಟ, ನಿದ್ದೆ, ಹೊಟ್ಟೆನೋವು, ತಲೆನೋವಿಗೆ ಒಂದೊಂದು ಕಾಲಂ. ತೂಕ, ಎತ್ತರ, ನಾಡಿ, ಬಿಪಿ ನೋಡುವುದು ಡಾಕ್ಟರ್ ಕೆಲಸ.

ಕ್ಲಾಸ್ ಟೀಚರ್ ಹತ್ತಿರ ಕೇಳುವಾಗ ಅಳುಕಿತ್ತು. ಅಷ್ಟೊಂದು ಮಕ್ಕಳ ನಡುವೆ ಇವನೊಬ್ಬನನ್ನು ಗಮನಿಸಿ ಬರೆದುಕೊಡಿ ಅನ್ನುವುದು ಹೇಗೆ? ಅವರು ಒಪ್ಪಿದರು. ಜೊತೆಗೆ ಒಂದು ಮಾತು ಸೇರಿಸಿದರು. ‘ಡೋಸ್ ಯಾವತ್ತು ಬದಲಾಯಿಸಿದ್ರಿ ಅಂತ ನನಗೆ ಹೇಳ್ಬೇಡಿ. ಗೊತ್ತಿದ್ರೆ ಕಣ್ಣು ಅದನ್ನೇ ಹುಡುಕುತ್ತೆ.’ ಇದನ್ನು ಕೇಳಿ ಡಾಕ್ಟರ್‌ಗೂ ಬಹಳ ಖುಷಿಯಾಯಿತು.

ಭಾನುವಾರವೂ ಮಾತ್ರೆ ತಪ್ಪಿಸಬೇಡಿ, ಒಮ್ಮೆ ನೀವೇ ಕಣ್ಣಾರೆ ನೋಡಿ ಅಂತ ಡಾಕ್ಟರ್ ಹೇಳಿದ್ದರು. ಹಾಗೆ ಕೂತು ನೋಡಿದ ಮೊದಲ ಭಾನುವಾರದ ಬಗ್ಗೆ ಹೇಳಲೇಬೇಕು.

ಬೆಳಿಗ್ಗೆ ಎರಡು ದೋಸೆ ತಿಂದ, ಮಾತ್ರೆ ನುಂಗಿದ. ಒಂಬತ್ತೂವರೆಗೆ ಅಜ್ಜಿ (ನನ್ನ ಅತ್ತೆ) ಜೊತೆ ಚೌಕಾಬಾರ ಆಡಲು ಕೂತ. ಚೌಕಾಬಾರ ಅಂದರೆ ಕಾಯುವ ಆಟ. ಅಜ್ಜಿಗೆ ಕೈ ನಡುಕ ಬೇರೆ. ಕವಡೆ ಕೂಡಿಸಿ, ಅಲ್ಲಾಡಿಸಿ, ಬಿಟ್ಟು, ಎಣಿಸಿ, ಆಮೇಲೆ ಯಾವ ಕಾಯಿ ನಡೆಸಲಿ ಅಂತ ಯೋಚಿಸುವಷ್ಟರಲ್ಲಿ ದೊಡ್ಡವರಿಗೇ ತಾಳ್ಮೆ ಕೆಡುತ್ತದೆ. ಇವನು ಕಾದ! ಎರಡೂ ಕೈಗಳನ್ನು ತೊಡೆ ಕೆಳಗೆ ಇಟ್ಟುಕೊಂಡು ಕಾದ. ಕಾಯುವಾಗ ಕಾಲಿನ ಹೆಬ್ಬೆರಳು ಆಡುತ್ತಲೇ ಇತ್ತು, ಆದರೆ ಅಜ್ಜಿಯ ಕವಡೆಗೆ ಕೈ ಹಾಕಲಿಲ್ಲ. ‘ಅಜ್ಜಿ, ಆ ಕಾಯಿ ನಡೆಸಿದ್ರೆ ನನ್ನ ಕಾಯಿ ಕಡೀಬಹುದು’ ಅಂತ ಅವರಿಗೇ ಹೇಳಿಕೊಟ್ಟ. ಕಡಿಸಿಕೊಂಡ. ಒಂದು ಕ್ಷಣ ಮುಖ ಸಪ್ಪಗಾಯಿತು, ಅಷ್ಟೇ. ಮತ್ತೆ ಮೊದಲಿಂದ ಕಾಯಿ ಹೂಡಿದ. ಅಡುಗೆಮನೆ ಬಾಗಿಲಲ್ಲಿ ನಿಂತು ಅದನ್ನು ನೋಡಿದಾಗ ನನಗೆ ಎಷ್ಟು ಸಂತೋಷವಾಯಿತು ಅಂತ ಹೇಗೆ ಹೇಳಲಿ. ಒಂದಾದರೂ ಆಟ ಅವನು ಮುಗಿಸಬೇಕು, ಸೋತರೂ ಮುಗಿಸಬೇಕು ಅಂತ ಎಷ್ಟು ದಿನದಿಂದ ಅಂದುಕೊಂಡಿದ್ದೆ.

ಊಟಕ್ಕೆ ಕರೆದಾಗ ‘ಹಸಿವಿಲ್ಲ’ ಅಂದ. ಅನ್ನ ಸಾರು ಕಲಸಿಕೊಂಡು ನಾಲ್ಕು ತುತ್ತು ತಿಂದು ಎದ್ದ. ಒಂದು ಗಂಟೆಗೆ ತಾನೇ ಮತ್ತೆ ಮಣೆ ಹಾಸಿದ. ಅದೇ ಮಣೆ, ಅದೇ ಕವಡೆ, ಅದೇ ಅಜ್ಜಿ. ಮೂರು ಸಲ ಸರದಿ ತಪ್ಪಿಸಿ ಕವಡೆ ಎತ್ತಿದ. ಅಜ್ಜಿ ಎಣಿಸುತ್ತಿದ್ದಾಗ ‘ಬೇಗ, ಬೇಗ’ ಅಂತ ಕೂಗಿದ. ಅಜ್ಜಿ ಅವನ ಕಾಯಿ ಕಡಿದ ಕೂಡಲೇ ಮಣೆಯನ್ನೇ ತಳ್ಳಿದ. ಕವಡೆ ಸೋಫಾ ಅಡಿಗೆ ಹೋಯಿತು. ಆಮೇಲೆ ತಾನೇ ಬಿಕ್ಕಿ ಬಿಕ್ಕಿ ಅತ್ತ.

ಅತ್ತೆಗೆ ಈ ಮಾತ್ರೆ ಮೊದಲಿಂದಲೂ ಇಷ್ಟವಿರಲಿಲ್ಲ. ಮಕ್ಕಳು ಅಂದಮೇಲೆ ತುಂಟತನ ಇರುತ್ತೆ, ಅದಕ್ಕೆ ಔಷಧಿ ಯಾಕೆ ಅನ್ನುತ್ತಿದ್ದರು. ಅವತ್ತು ಬಹಳ ಹೊತ್ತು ಏನೂ ಹೇಳಲಿಲ್ಲ. ರಾತ್ರಿ ಅಂದರು, ‘ಬೆಳಿಗ್ಗೆ ಅವನಿಗೇ ಆಟದ ಖುಷಿ ಸಿಕ್ತು ಕಣೇ. ಮಧ್ಯಾಹ್ನ ಪಾಪ, ಅದೂ ಸಿಗಲಿಲ್ಲ. ಆದ್ರೆ ಊಟ ಮಾಡ್ತಿಲ್ವಲ್ಲ?’ ಎರಡೂ ಮಾತು ನಿಜ. ಎರಡನ್ನೂ ಹಾಳೆಯಲ್ಲಿ ಬರೆದೆ.

ಟೀಚರ್ ಬರೆದದ್ದೂ ಹಾಗೇ ಇತ್ತು. ಮೊದಲ ಪೀರಿಯಡ್‌ಗಳು ಸಲೀಸು, ಊಟದ ನಂತರ ಕಷ್ಟ. ಆದರೆ ಎಲ್ಲಕ್ಕಿಂತ ಸ್ಪಷ್ಟವಾಗಿ ಹೇಳಿದ್ದು ಅವನ ಕನ್ನಡ ನೋಟ್‌ಬುಕ್. ಉಕ್ತಲೇಖನ ಒಂದೊಂದು ದಿನ ಎರಡನೇ ಪೀರಿಯಡ್, ಇನ್ನೊಂದು ದಿನ ಕೊನೆಯ ಪೀರಿಯಡ್. ಬೆಳಿಗ್ಗೆ ಬರೆದ ಪುಟದಲ್ಲಿ ‘ಅಕ್ಕಪಕ್ಕ’, ‘ವಿಸ್ತಾರ’, ‘ಪುಸ್ತಕ’ ಎಲ್ಲದಕ್ಕೂ ಒತ್ತು ಇದೆ. ಸಾಲು ಗೆರೆಯ ಮೇಲೆ ಕೂತಿದೆ. ಮಧ್ಯಾಹ್ನದ ಪುಟದಲ್ಲಿ ಅದೇ ಹುಡುಗ ‘ಅಕಪಕ’, ‘ಪುಸಕ’ ಅಂತ ಬರೆದಿದ್ದಾನೆ. ಕೊನೆಯ ಸಾಲುಗಳು ಇಲ್ಲವೇ ಇಲ್ಲ. ಅವನಿಗೆ ಒತ್ತಕ್ಷರ ಬರುತ್ತದೆ, ಕಲಿತಿದ್ದಾನೆ. ಕಲಿತದ್ದನ್ನು ಹಾಳೆಗೆ ಇಳಿಸುವ ತನಕ ಗಮನ ನಿಲ್ಲಬೇಕು, ಅಲ್ವಾ? ಇಷ್ಟು ದಿನ ‘ಅಜಾಗರೂಕತೆ’ ಅಂತ ಕೆಂಪು ಇಂಕಿನಲ್ಲಿ ಬರೆಸಿಕೊಂಡ ಮಗು ಅದು.

ಡಾಕ್ಟರ್ ಅರ್ಧ ಮಾತ್ರೆಯಿಂದ, ಅಂದರೆ 5 ಮಿಲಿಗ್ರಾಂನಿಂದ ಶುರು ಮಾಡಿದ್ದರು. ಆಮೇಲೆ 10. ಮುಂದೆ ನೋಡೋಣ ಅಂತ 15ಕ್ಕೆ ಏರಿಸಿದಾಗ ಟೀಚರ್ ಹಾಳೆಯಲ್ಲಿ ಮೂರೂ ಕಾಲಂ ಚೆನ್ನಾಗಿದ್ದವು. ಕೆಳಗೆ ಮಾತ್ರ ಒಂದು ಸಾಲು: ‘ಇವತ್ತು ಆಟದ ಪೀರಿಯಡ್‌ನಲ್ಲಿ ಒಬ್ಬನೇ ನಿಂತಿದ್ದ.’ ಮಗನನ್ನು ಕೇಳಿದೆ. ‘ಮಾತಾಡೋಕೆ ಮನಸ್ಸೇ ಆಗಲ್ಲಮ್ಮ. ನಗು ಬರಲ್ಲ’ ಅಂದ. ಬರೀ ಅಂಕ ನೋಡಿದ್ದರೆ ಅದೇ ಅತ್ಯುತ್ತಮ ವಾರ. ಡಾಕ್ಟರ್‌ಗೆ ಫೋನ್ ಮಾಡಿದೆ, ಅವರು ತಕ್ಷಣ 10ಕ್ಕೆ ಇಳಿಸಿದರು. ಮಗು ಮಂಕಾದರೆ ಡೋಸ್ ಜಾಸ್ತಿಯಾಗಿದೆ ಅಂತ ಲೆಕ್ಕ, ಅಂಕ ಎಷ್ಟೇ ಚೆನ್ನಾಗಿರಲಿ ಅಂದರು. ಅವತ್ತಿನಿಂದ ಹಾಳೆಯಲ್ಲಿ ಅವನಿಗೇ ಒಂದು ಕಾಲಂ ಬಿಟ್ಟಿದ್ದೇವೆ. ಅದನ್ನು ಬೇರೆ ಯಾರೂ ತುಂಬುವುದಿಲ್ಲ. (ಮಾತ್ರೆ ಏರಿಸುವುದು, ಇಳಿಸುವುದು, ನಿಲ್ಲಿಸುವುದು ಡಾಕ್ಟರ್ ಹೇಳಿದಂತೆಯೇ ಆಗಬೇಕು. ನನ್ನ ಮಗನ ಡೋಸ್ ಇನ್ನೊಂದು ಮಗುವಿಗೆ ಲೆಕ್ಕವಲ್ಲ.)

ಈ ಮಾತ್ರೆ ಎಲ್ಲ ಮೆಡಿಕಲ್ ಶಾಪ್‌ನಲ್ಲೂ ಸಿಗುವುದಿಲ್ಲ. ಇದು ಶೆಡ್ಯೂಲ್ ಎಕ್ಸ್ ಔಷಧಿ, ಅಂದರೆ ಕಟ್ಟುನಿಟ್ಟಿನ ನಿಯಮದಲ್ಲಿ ಮಾರುವ ಔಷಧಿಗಳ ಪಟ್ಟಿಯಲ್ಲಿದೆ. ಚೀಟಿ ಎರಡು ಪ್ರತಿ ಬೇಕು, ಒಂದನ್ನು ಅಂಗಡಿಯವರು ಇಟ್ಟುಕೊಳ್ಳುತ್ತಾರೆ. ಮುಗಿಯುವ ಮುಂಚೆಯೇ ಓಡಾಡಬೇಕು.

ಹಾಳೆಗಳನ್ನೂ ಕನ್ನಡ ನೋಟ್‌ಬುಕ್ಕನ್ನೂ ಡಾಕ್ಟರ್ ಮೇಜಿನ ಮೇಲೆ ಹರಡಿದಾಗ ಅವರು ಮೊದಲು ಮಗನ ಕಾಲಂ ಓದಿದರು. ಆಮೇಲೆ ಎರಡು ಪುಟಗಳನ್ನು ಅಕ್ಕಪಕ್ಕ ಇಟ್ಟು ಅವನಿಗೇ ತೋರಿಸಿ, ‘ಈ ಪುಟದಲ್ಲಿ ನಿಂಗೆ ಹೇಗನಿಸ್ತಿತ್ತು?’ ಅಂತ ಕೇಳಿದರು. ‘ಟೀಚರ್ ಹೇಳೋದು ಪೂರ್ತಿ ಕೇಳಿಸ್ತಿತ್ತು’ ಅಂದ. ಡೋಸ್ ಸರಿ ಇದೆ, ಸಾಕಾಗದಿರುವುದು ಹೊತ್ತು ಅಂತ ಡಾಕ್ಟರ್ ತೀರ್ಮಾನಿಸಿದರು. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ ಬರೆದರು. ಅದನ್ನು ಮುರಿಯಬಾರದು, ಜಗಿಯಬಾರದು. ಹಸಿವು ಇನ್ನೂ ಹೆಚ್ಚು ಹೊತ್ತು ಕಟ್ಟಬಹುದು, ಹಾಗಾಗಿ ಮಾತ್ರೆಗೆ ಮುಂಚೆ ಹೊಟ್ಟೆ ತುಂಬ ತಿಂಡಿ, ರಾತ್ರಿ ಇನ್ನೊಮ್ಮೆ ಗಟ್ಟಿ ಊಟ, ತಿಂಗಳಿಗೊಮ್ಮೆ ತೂಕ ಅಂತ ಹೇಳಿದರು.

ಸೋಮವಾರದಿಂದ ಹೊಸ ಮಾತ್ರೆ. ಟೀಚರ್‌ಗೆ ಹೇಳಿಲ್ಲ. ಅತ್ತೆಗೆ ಹೇಳಿದ್ದೇವೆ, ಊಟದ ಕಾಲಂ ತುಂಬುವುದು ಈಗ ಅವರೇ.